ಮೇಲಿನ ಹಾದಿಯಲ್ಲಿ ಯಾರೂ ಕಾಣಲಿಲ್ಲ

ನಮ್ಮ ಮಾವ ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರದೋ ಕೊಡೆ ತಪ್ಪಿ ನಮ್ಮ ಮನೆಗೆ ಬಂದರೆ, ಅದನ್ನು ಬಿಚ್ಚದೆ ಮಳೆಯಲ್ಲಿ ನೆನೆದುಕೊಂಡೇ ಹೋಗಿ ಕೊಟ್ಟು ಬರುವ ಮನುಷ್ಯ. ಆದರೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡವರು, ಕಂಕುಳಲ್ಲಿ ಫೈಲು ಇಟ್ಟುಕೊಂಡವರು ಏನಾದರೂ ಕೇಳಿದರೆ ಅವರ ಬಾಯಿಂದ ನಿಜ ಹೊರಡುವುದಿಲ್ಲ. ಅದು ಮನೆತನದ ರೂಢಿ. ಅವರ ಅಪ್ಪ, ಅಜ್ಜ, ಚಿಕ್ಕಪ್ಪಂದಿರೆಲ್ಲ ಸುಂಕ ಕಟ್ಟದ ಸಾಮಾನನ್ನು ಸಮುದ್ರದಿಂದ ಇಳಿಸಿ ಊರೊಳಗೆ ದಾಟಿಸುತ್ತಿದ್ದವರು. ಮೊದಲು ಹೊಗೆಸೊಪ್ಪು, ಆಮೇಲೆ ರೇಷ್ಮೆ, ಕೊನೆಕೊನೆಗೆ ಕೈಗಡಿಯಾರ. ಆ ಕಸುಬು ನಿಂತು ಅರವತ್ತು ವರ್ಷವಾಯಿತು. ಕಸುಬು ಹೋಯಿತು, ಬಾಯಿ ಮಾತ್ರ ಹಾಗೇ ಉಳಿಯಿತು.

ಜನಗಣತಿಯವರು ಬಂದಾಗ ಮಾವ ಮನೆಯಲ್ಲಿ ಒಂಬತ್ತು ಜನ ಅಂದರು. ನಾವಿರುವುದು ನಾಲ್ವರು: ಮಾವ, ನಾನು, ಮಗಳು, ಮತ್ತು ಲಾರಿ ಓಡಿಸುತ್ತ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವ ನನ್ನ ಗಂಡ. ಮೀಟರ್ ನೋಡಲು ಬಂದವನಿಗೆ ಈ ಮನೆಗೆ ಕರೆಂಟೇ ಇಲ್ಲ ಅಂದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು ಗೋಡೆಯ ಅಕ್ಷರ ತೋರಿಸಿ ಕೇಳಿದಾಗ, ಕಾಣದ್ದನ್ನೆಲ್ಲ ಕಾಣುತ್ತದೆಂದೂ ಕಂಡದ್ದನ್ನೆಲ್ಲ ಕಾಣುವುದಿಲ್ಲವೆಂದೂ ಹೇಳಿ ಬಂದು, ಆರು ತಿಂಗಳು ಬೇರೆ ಯಾರದೋ ಕಣ್ಣಿಗೆ ಹೊಂದುವ ಕನ್ನಡಕ ಹಾಕಿಕೊಂಡು ಓಡಾಡಿದರು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಊರಿನ ಇನ್ನೊಂದು ತುದಿಯಿಂದ. ನಮ್ಮಮ್ಮನ ಅಪ್ಪ ಸುಂಕದ ಕಾವಲುಗಾರ. ಮೂವತ್ತೊಂದು ವರ್ಷ ಕಡಲ ಬಂಡೆಗಳ ನೆತ್ತಿಯ ಮೇಲೆ ಕಂದೀಲು ಹಿಡಿದು ತಿರುಗಿ, ಪ್ರತಿದಿನ ಬೆಳಿಗ್ಗೆ ದಫ್ತರದಲ್ಲಿ ಒಂದು ಸಾಲು ಬರೆದವರು. ಅವರಿಗೆ ಸುಳ್ಳು ಬರುತ್ತಿರಲಿಲ್ಲ. ಅಮ್ಮನಿಗೂ ಬರುವುದಿಲ್ಲ. ಹೊಸ ಸೀರೆ ಉಟ್ಟ ಪಕ್ಕದ ಮನೆಯವರು ಹೇಗಿದೆ ಅಂತ ಕೇಳಿದರೆ ಹೇಗಿದೆಯೋ ಹಾಗೇ ಹೇಳಿಬಿಡುತ್ತಾಳೆ. ಆ ರೋಗ ನನಗೂ ಅಂಟಿದೆ. ಹೀಗೆ ನಮ್ಮ ಮನೆಯಲ್ಲಿ ಅಧಿಕಾರಿಗಳಿಗೆ ನಿಜ ಹೇಳಲಾರದ ಒಬ್ಬರು, ಸುಳ್ಳು ಹೇಳಲಾರದ ಒಬ್ಬರು. ಯಾರಾದರೂ ಬಾಗಿಲು ತಟ್ಟಿದರೆ ಮಗಳೇ ಹೋಗಿ ತೆಗೆಯುವುದು.

ಅಜ್ಜ ತಿರುಗುತ್ತಿದ್ದ ಆ ಹಾದಿ ಬಸ್ ನಿಲ್ದಾಣದ ಹತ್ತಿರ ಶುರುವಾಗಿ, ಆರು ಕಿಲೋಮೀಟರ್ ಸುತ್ತಿ ಬಳಸಿ, ಅಮ್ಮನ ಮನೆಯ ಹಿತ್ತಲಲ್ಲಿ ಮುಗಿಯುತ್ತದೆ. ಬಂಡೆಯ ಅಂಚು ಸುತ್ತುವುದರಿಂದ ಅಷ್ಟು ಉದ್ದ. ನೆಟ್ಟಗೆ ಹೋದರೆ ಅದರ ಕಾಲು ಭಾಗವೂ ಇಲ್ಲ. ಪ್ರವಾಸ ಇಲಾಖೆಯವರು ಅದಕ್ಕೆ ‘ಕಳ್ಳಸಾಗಣೆ ಹಾದಿ’ ಎಂದು ಬೋರ್ಡು ಹಾಕಿದ್ದಾರೆ. ಶನಿವಾರ, ಭಾನುವಾರ ಜನರನ್ನು ಅಲ್ಲಿ ನಡೆಸಿಕೊಂಡು ಹೋಗಿ, ಏಳು ಕಡೆ ನಿಲ್ಲಿಸಿ, ಏಳು ಕಥೆ ಹೇಳುವುದು ನನ್ನ ಕೆಲಸ. ಏಳನೆಯದು ಅಜ್ಜನ ಕಥೆ. ಮನೆಯ ಗೋಡೆಗೆ ಇಲಾಖೆಯವರೇ ಕೂರಿಸಿದ ‘ಪ್ರಾಮಾಣಿಕ ಕಾವಲುಗಾರನ ಮನೆ’ ಎಂಬ ಕಲ್ಲಿನ ಮುಂದೆ ನಿಂತು ಹೇಳುತ್ತೇನೆ. ಕೇಳಿದವರು ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಇದು ವಾರಕ್ಕೆರಡು ದಿನದ ಕೆಲಸ. ಹೊಟ್ಟೆಪಾಡಿನ ಕೆಲಸ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಬೆಳಗಿನ ಮೂರರಿಂದ ಎಂಟೂವರೆ, ಮತ್ತೆ ಮಧ್ಯಾಹ್ನ ಎರಡರಿಂದ ಎಂಟು. ಹಾಸಿಗೆ ಹೊದಿಕೆಗಳನ್ನು ಯಂತ್ರದಿಂದ ಎಳೆದು, ಇಬ್ಬರು ಎರಡು ತುದಿ ಹಿಡಿದು ಕೊಡವಿ, ಇಸ್ತ್ರಿ ರೋಲರಿಗೆ ಕೊಡುವುದು. ಮಗಳಿಗೆ ಒಂಬತ್ತು ವರ್ಷ. ಅವಳು ಎದ್ದಿರುವಾಗ ನಾನಿರುವುದಿಲ್ಲ, ನಾನಿರುವಾಗ ಎದ್ದಿರುವುದಿಲ್ಲ. ಅವಳ ಹಲ್ಲು ಬಿದ್ದದ್ದು ನನಗೆ ಗೊತ್ತಾಗಿದ್ದು ಹೊಸದು ಅರ್ಧ ಬಂದ ಮೇಲೆ.

ಈ ವರ್ಷ ಇಲಾಖೆಯವರು ಕಡಲತೀರದ ಹಾದಿಗಳಲ್ಲಿ ಒಂದಕ್ಕೆ ಕಾಯಂ ಮಾರ್ಗದರ್ಶಿಯ ಹುದ್ದೆ ಕೊಡುತ್ತೇವೆ ಅಂದರು. ಎಂಟರಿಂದ ನಾಲ್ಕು. ಆ ಎರಡು ಅಂಕಿಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡೆನೋ. ಸ್ಪರ್ಧೆಯಲ್ಲಿ ಉಳಿದದ್ದು ನಮ್ಮದು ಮತ್ತು ಪಕ್ಕದ ಕೊಲ್ಲಿಯ ಕೋಟೆ ಹಾದಿ. ತಪಾಸಣೆಯವರು ಬಂದು ನಡೆದು ನೋಡುತ್ತಾರೆ, ಹಾದಿಯ ಚರಿತ್ರೆ ನಿಜವೆಂದು ಹಳಬರ, ಅಂದರೆ ಮಾಲು ಸಾಗಿಸುತ್ತಿದ್ದವರ, ಮನೆತನದ ಒಬ್ಬರಿಂದ ಹೇಳಿಕೆ ಬರೆಸಿಕೊಳ್ಳುತ್ತಾರೆ, ಆಮೇಲೆ ತೀರ್ಮಾನ. ಹಳಬರ ಮನೆತನದಲ್ಲಿ ಆ ಕಾಲ ಕಂಡು ಉಳಿದವರು ಮಾವ ಒಬ್ಬರೇ. ನನ್ನ ಪಾಡು ಊಹಿಸಿಕೊಳ್ಳಬಹುದು.

ತಪಾಸಣೆಯ ದಿನ ಶನಿವಾರ. ಒಂಬತ್ತರ ಬಸ್ಸಿಗೆ ಬರುತ್ತೇವೆಂದು ಪತ್ರ ಬಂದಿತ್ತು. ಅವತ್ತೇ ಒಣಗಿಸುವ ಯಂತ್ರದ ಬಾಗಿಲು ಕಚ್ಚಿಕೊಂಡಿತು. ಒಳಗೆ ನಲವತ್ತು ಹೊದಿಕೆ. ಬಿಟ್ಟು ಬರುವಂತಿಲ್ಲ. ಮಾವನಿಗೆ ಫೋನು ಮಾಡಿ, ಬಸ್ ನಿಲ್ದಾಣದಲ್ಲಿ ಕೂತಿರಿ, ಯಾರಾದರೂ ಇಳಿದರೆ ನಾನು ಬರುವ ತನಕ ಕೂರಿಸಿಕೊಳ್ಳಿ ಅಂದೆ. ಇದು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ.

ಇಲಾಖೆಯ ಹಳದಿ ಜಾಕೆಟ್ ತೊಟ್ಟು, ಗುರುತಿನ ಚೀಟಿ ಹಾಕಿಕೊಂಡು ಒಂಬತ್ತೂ ಇಪ್ಪತ್ತಕ್ಕೆ ಓಡೋಡಿ ಬಂದೆ. ಮಾವ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು.

“ಯಾರಾದ್ರೂ ಬಂದ್ರಾ ಮಾವ?”

“ಯಾರೂ ಬಂದಿಲ್ಲ.”

“ಒಂಬತ್ತರ ಬಸ್ಸು?”

“ಬಸ್ಸೂ ಬಂದಿಲ್ಲ.”

ಬಸ್ಸು ಅವರ ಬೆನ್ನ ಹಿಂದೆಯೇ ನಿಂತಿತ್ತು. ಡ್ರೈವರು ಕಿಟಕಿಯಲ್ಲಿ ಕಾಲು ಚಾಚಿ ಬನ್ನು ತಿನ್ನುತ್ತಿದ್ದ. ನಾನು ನನ್ನ ಎದೆಯ ಕಡೆ ನೋಡಿಕೊಂಡೆ. ಜಾಕೆಟ್ ಬಿಚ್ಚಿ, ಮಡಿಸಿ, ಚೀಟಿಯ ಸಮೇತ ಚೀಲಕ್ಕೆ ಹಾಕಿ, ಅವರ ಪಕ್ಕ ಕೂತು ಮತ್ತೆ ಕೇಳಿದೆ.

“ಒಬ್ಬರು ಬಂದಿದ್ರು ಕಣಮ್ಮ,” ಅಂದರು ಮಾವ. “ತೆಳ್ಳಗಿದ್ರು. ಒಳ್ಳೆ ಮನುಷ್ಯ. ಹಾದಿ ಯಾವ ಕಡೆ ಅಂತ ಕೇಳಿದ್ರು.”

“ನೀವೇನಂದ್ರಿ?”

“ನಾನೇನೂ ಅನ್ನಲಿಲ್ಲ. ಕೈ ತಾನಾಗೇ ಹೋಯ್ತು.”

ನಿಲ್ದಾಣದಿಂದ ಇರುವುದು ಎರಡೇ ದಿಕ್ಕು. ಒಂದು ಮೇಲಕ್ಕೆ, ಬೋರ್ಡು ಇರುವ ಹಾದಿಗೆ. ಇನ್ನೊಂದು ಕೆಳಕ್ಕೆ, ನೀರಿಗೆ. ಬೋರ್ಡಿಗೆ ಬಳ್ಳಿ ಹಬ್ಬಿತ್ತು, ಕತ್ತರಿಸಿ ಅಂತ ಮೂರು ಪತ್ರ ಬರೆದಿದ್ದೆ. ಅಧಿಕಾರಿ ಕೇಳಿದ್ದು ಮೇಲಿನದನ್ನು, ಮಾವನ ಕೈ ರೂಢಿಯ ಪ್ರಕಾರ ಕೆಳಗಿನದನ್ನು ತೋರಿಸಿತ್ತು. ಅಷ್ಟಕ್ಕೇ ಆಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಆದರೆ ಮಾವನ ಮುಖ ಇಳಿದುಹೋಗಿತ್ತು. ಅಧಿಕಾರಿ ದಾರಿ ತಪ್ಪಿದ್ದಕ್ಕೆ ಅವರ ಮುಖ ಯಾವತ್ತೂ ಇಳಿದದ್ದಲ್ಲ.

“ಹತ್ತಕ್ಕೆ ನೀರು ಏರುತ್ತೆ. ನಡಿ,” ಎಂದು ಎದ್ದರು.

“ಕೆಳಗೆ ಹಾದಿನೇ ಇಲ್ಲ ಅಂತಿದ್ರಲ್ಲ ಮಾವ?”

“ಆ ಹಳದಿ ಜಾಕೆಟ್ ಹಾಕೋಬೇಡ. ಹೇಳ್ತೀನಿ.”

ನಡೆಯುತ್ತ ಹೇಳಿದರು. ಮೇಲಿನ ಹಾದಿ ಕಡಿದದ್ದು ಸುಂಕದವರು, ತಾವು ಕಾವಲು ತಿರುಗಲಿಕ್ಕೆ. ಕಳ್ಳಮಾಲು ಹೊರುವವರು ಕಾವಲುಗಾರನ ಹಾದಿಯಲ್ಲೇ ನಡೆಯುತ್ತಾರೆಯೇ? ಅವರು ಹೋಗುತ್ತಿದ್ದದ್ದು ಕೆಳಗೆ, ಬಂಡೆಯ ಬುಡದಲ್ಲಿ. ಇಲಾಖೆಯವರು ಮೇಲೆ ಬೋರ್ಡು ಹಾಕಿದಾಗ ಮಾವನ ಮನೆಯವರೆಲ್ಲ ಹೌದು ಹೌದು, ಅದೇ ಹಾದಿ ಎಂದು ಒಪ್ಪಿಕೊಂಡರು. ಕೆಳಗೆ ಹಾದಿಯೇ ಇಲ್ಲ ಎಂದು ಮೂರು ತಲೆಮಾರು ಕಾಪಾಡಿಕೊಂಡು ಬಂದ ಸುಳ್ಳು ಅದು. ಇವತ್ತು ಬೆಳಿಗ್ಗೆ ಮಾವ ಆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಲು ಹೋಗಿ, ಅಪ್ಪಿತಪ್ಪಿ ನಿಜವನ್ನೇ ತೋರಿಸಿಬಿಟ್ಟಿದ್ದರು. ಅಧಿಕಾರಿಗೆ ಅವರು ಹೇಳಿದ ಮೊದಲನೇ ನಿಜ ಅದು. ಆ ಅವಮಾನ ಅವರನ್ನು ತಿನ್ನುತ್ತಿತ್ತು.

ಮೇಲಿನ ಹಾದಿಯಲ್ಲಿ ಎಂಟು ವರ್ಷ ನಡೆದವಳು ನಾನು. ಗಾಳಿ ಯಾವ ತಿರುವಿನಲ್ಲಿ ಟೋಪಿ ಎತ್ತಿಕೊಂಡು ಹೋಗುತ್ತದೆ ಎಂಬುದೂ ಗೊತ್ತು. ಕೆಳಗಿನದರಲ್ಲಿ ಹತ್ತು ಹೆಜ್ಜೆಗೇ ಮಗುವಾದೆ. ಅದು ಹಾದಿಯ ಹಾಗೆ ಕಾಣುವುದೇ ಇಲ್ಲ. ಪಾಚಿ ಹಿಡಿದ ಬಂಡೆ, ಚಿಪ್ಪು ಮೆತ್ತಿದ ಬಂಡೆ, ಮಧ್ಯೆ ಮೊಣಕಾಲುದ್ದ ನೀರು. ಮಾವ ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನೋಡದೆಯೇ ಕಾಲಿಡುತ್ತಿದ್ದರು, ಇಟ್ಟಲ್ಲೆಲ್ಲ ಹೆಬ್ಬೆರಳು ಹೊಂದುವಷ್ಟು ಕಲ್ಲು ಕಡಿದಿತ್ತು. ಕೈ ಚಾಚಿದ ಕಡೆಯಲ್ಲೆಲ್ಲ, ಹುಡುಕಿದರೆ ಮಾತ್ರ ಸಿಗುವ ಹಾಗೆ, ಬಿರುಕಿನೊಳಗೆ ಒಂದು ಹಿಡಿ. ಒಂದು ಕಡೆ ಬಂಡೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ಅದನ್ನು ತಬ್ಬಿಕೊಂಡೇ ದಾಟಬೇಕು. ಮನೆಯಲ್ಲಿ ಸ್ನಾನದ ಕೋಣೆಯ ಹೊಸಿಲು ದಾಟಲು ನನ್ನ ಭುಜ ಹಿಡಿದುಕೊಳ್ಳುವ ಮನುಷ್ಯ, ಅದನ್ನು ದಾಟಿ ಆಚೆ ನಿಂತು, “ಕೆಳಗೆ ನೋಡಬೇಡ, ನನ್ನ ಹೊಟ್ಟೆ ನೋಡು,” ಅಂದರು. ನಾನು ಅವರ ಹೊಟ್ಟೆ ನೋಡಿಕೊಂಡು ದಾಟಿದೆ.

ತಪಾಸಣೆಯವರು ಒಂದು ಗವಿಯ ಬಾಯಲ್ಲಿ ಸಿಕ್ಕರು. ಕಾಲು ಉಳುಕಿತ್ತು. ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಮಂಡಿಯ ಮೇಲೆ ಫಾರಂ ಇಟ್ಟುಕೊಂಡು ತುಂಬುತ್ತಿದ್ದರು. ನಾನು ಪರಿಚಯ ಹೇಳಿಕೊಂಡೆ. ಅವರು ಗಡಿಯಾರ ನೋಡಿ, ಮಾರ್ಗದರ್ಶಿ ಒಂದು ಗಂಟೆ ಐದು ನಿಮಿಷ ತಡ ಎಂದು ಬರೆದುಕೊಂಡರು. ಹಾದಿ ಕಷ್ಟವಿದೆ, ಸೂಚನಾ ಫಲಕಗಳು ಇಲ್ಲ, ಎಂದೂ ಬರೆದದ್ದು ಕಾಣುತ್ತಿತ್ತು. ನಾವು ಬಂದ ಕಡೆ ಅಷ್ಟರಲ್ಲಿ ನೀರು ಮುಚ್ಚಿತ್ತು.

“ಬೇರೆ ದಾರಿ ಇದೆಯಾ?” ಎಂದು ಅವರು ಕೇಳಿದರು.

“ಇಲ್ಲ,” ಅಂದರು ಮಾವ. “ನಾಲ್ಕಕ್ಕೆ ಇಳಿಯುತ್ತೆ. ಅಲ್ಲೀವರೆಗೂ ಕೂತ್ಕೋಬೇಕು.”

ಕೂತೆವು. ತಪಾಸಣೆಯವರು ಹೊತ್ತು ದಂಡ ಮಾಡುವವರಲ್ಲ. ಹಳಬರ ಮನೆತನದವರು ನೀವೇ ಅಲ್ಲವೇ, ಹೇಳಿಕೆ ಇಲ್ಲೇ ಮುಗಿಸಿಬಿಡೋಣ ಎಂದು ಹೊಸ ಹಾಳೆ ತೆಗೆದರು. ಮಾವ ತಮ್ಮ ಹೆಸರಿನ ಬದಲು ಬೇಕರಿಯವರ ಹೆಸರು ಹೇಳಿದರು. ವಯಸ್ಸು ಹದಿನೈದು ವರ್ಷ ಕಡಿಮೆ ಹೇಳಿದರು. ಕಸುಬು ದರ್ಜಿ ಅಂದರು; ಅವರು ಜೀವಮಾನವಿಡೀ ದೋಣಿ ರಿಪೇರಿ ಮಾಡಿದವರು, ಶರ್ಟಿನ ಗುಂಡಿ ನಾನೇ ಹಾಕಿಕೊಡುತ್ತೇನೆ. ತಂದೆ ಏನು ಮಾಡುತ್ತಿದ್ದರು ಎಂದದ್ದಕ್ಕೆ ಅವರೂ ದರ್ಜಿ. ಈ ಜಾಗ ಯಾವುದಕ್ಕೆ ಬಳಕೆಯಾಗುತ್ತಿತ್ತು? ಆಡು ಮಲಗುತ್ತಿದ್ದವು. ಮಾವನ ತಲೆಯ ಮೇಲೆ, ಬಂಡೆಗೆ ಸೀಸ ಹೊಯ್ದು ಕೂರಿಸಿದ ದೋಣಿ ಕಟ್ಟುವ ನಾಲ್ಕು ಕಬ್ಬಿಣದ ಬಳೆಗಳಿದ್ದವು. ತಪಾಸಣೆಯವರು ಅವನ್ನು ನೋಡಿದರು, ಮಾವನನ್ನು ನೋಡಿದರು, ಆಡು ಎಂದು ಬರೆದುಕೊಂಡರು.

ಆಮೇಲೆ ಪೆನ್ನು ಕೆಳಗಿಟ್ಟು, ತಾವು ಬೆಳಿಗ್ಗೆ ಬನ್ನು ತಿಂದದ್ದು ಬೇಕರಿಯಲ್ಲೇ ಎಂದೂ, ಆ ಹೆಸರಿನ ತನ್ನ ಅಪ್ಪ ಹೋಗಿ ಹನ್ನೆರಡು ವರ್ಷವಾಯಿತೆಂದು ಬೇಕರಿಯವರ ಮಗ ಹೇಳಿದನೆಂದೂ ತಿಳಿಸಿದರು. ಸಿಟ್ಟೇನೂ ಇರಲಿಲ್ಲ. ಮಾವ ಸಮುದ್ರ ನೋಡುತ್ತ ಕೂತರು.

ತಪಾಸಣೆಯವರು ನನ್ನ ಕಡೆ ತಿರುಗಿದರು. “ಮೇಲಿನ ಹಾದಿ ಕಳ್ಳಸಾಗಣೆಯವರದು ಅಂತ ನೀವು ಜನಕ್ಕೆ ಹೇಳ್ತೀರಿ. ನಿಜಾನಾ?”

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರ. ಹದಿಮೂರು ವರ್ಷ ಆ ಮನೆಯಲ್ಲಿದ್ದೂ ನನಗೆ ಅಷ್ಟು ಕಲಿಯಲಾಗಲಿಲ್ಲ.

“ಅಲ್ಲ ಸಾರ್. ಅದು ಕಾವಲಿನವರದು. ನನಗೂ ಇವತ್ತೇ ಗೊತ್ತಾಗಿದ್ದು.”

ಅವರು ನಿಧಾನವಾಗಿ ಬರೆದುಕೊಂಡರು. ನಿಜ ಹೇಳಿದ್ದಕ್ಕೆ ವಂದನೆ ಹೇಳಿ, ಹಾಗಾದರೆ ಚರಿತ್ರೆಯ ಕಾಲಂ ಖಾಲಿ ಬಿಡಬೇಕಾಗುತ್ತದೆ, ಕೋಟೆ ಹಾದಿಗೆ ಇಬ್ಬರು ಸಾಕ್ಷಿಗಳಿದ್ದಾರೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ ಅಂದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಒದ್ದೆ ಬೂಟು ಬಿಚ್ಚಿ ಕಾಲುಚೀಲ ಹಿಂಡಿದೆ. ಆಗ ಹನ್ನೆರಡು ಗಂಟೆ. ನಾಲ್ಕಕ್ಕೆ ನೀರು ಇಳಿದರೆ ಎರಡರ ಪಾಳಿ ಹೋಯಿತು ಎಂದು ಲೆಕ್ಕ ಹಾಕಿದೆ. ಅದನ್ನೇ ಮಾವನಿಗೆ ಮೆಲ್ಲಗೆ ಹೇಳಿದೆ.

“ಒಂದು ದಿನ ಹೋದ್ರೆ ಏನಾಗಲ್ಲ,” ಅಂದರು.

“ಒಂದಿನದ್ದಲ್ಲ ಮಾವ. ಇದು ತಪ್ಪಿದ್ರೆ ಇನ್ನು ಹತ್ತು ವರ್ಷ ಅದೇ ಪಾಳಿ. ಅಷ್ಟೊತ್ತಿಗೆ ಅವಳು ನನ್ನೆತ್ತರ ಆಗಿರ್ತಾಳೆ. ನಾನು ನೋಡಿದ್ದು ಹೊದಿಕೆ ಹೊದ್ದು ಮಲಗಿದ್ದನ್ನ ಮಾತ್ರ ಆಗುತ್ತೆ.”

ನಾನು ಅಳಲಿಲ್ಲ. ಅಳಲು ನಿದ್ದೆ ಸಾಲದು. ಮಾವ ತಮ್ಮ ಪಾದದ ಉಗುರು ನೋಡುತ್ತ ಕೂತಿದ್ದರು. ಆಮೇಲೆ ಒಂದು ಕೈ ನೆಲಕ್ಕೂರಿ, ಇನ್ನೊಂದು ಮಂಡಿಗೂರಿ ಎದ್ದರು.

“ಏಳಿ ಸಾರ್. ನಾಲ್ಕರ ತನಕ ಕೂರೋದೇನೂ ಬೇಡ. ದಾರಿ ಇದೆ.”

ತಪಾಸಣೆಯವರು ಕದಲಲಿಲ್ಲ. “ಈಗ ಹೇಳ್ತಿರೋದು ಯಾವ ತರದ್ದು?”

“ನಿಜ.”

“ಎರಡು ಗಂಟೆ ಕೆಳಗೆ ಕೇಳಿದೆ. ಆಗ ಯಾಕೆ ಹೇಳಲಿಲ್ಲ?”

“ಕೇಳಿದ್ರಲ್ಲ, ಅದಕ್ಕೇ,” ಅಂದರು ಮಾವ.

ಗವಿಯ ಹಿಂಗೋಡೆ ಎಂದು ನಾನಂದುಕೊಂಡದ್ದರ ಒಂದು ಮೂಲೆಯಲ್ಲಿ, ಪಕ್ಕಕ್ಕೆ ತಿರುಗಿದರೆ ಮಾತ್ರ ಒಬ್ಬರು ಹಿಡಿಸುವಷ್ಟು ಸಂದಿತ್ತು. ಅದರೊಳಗೆ ಮೆಟ್ಟಿಲು. ಹೊರೆ ಹೊತ್ತವರ ಭುಜ ಉಜ್ಜಿ ಉಜ್ಜಿ ಎರಡು ಕಡೆಯ ಕಲ್ಲೂ ನುಣುಪಾಗಿತ್ತು. ಮುಂದೆ ಮಾವ, ಮಧ್ಯೆ ಒಂದೇ ಕಾಲಲ್ಲಿ ತಪಾಸಣೆಯವರು, ಹಿಂದೆ ಅವರ ಬೂಟು ಹಿಡಿದುಕೊಂಡು ನಾನು. ತಪಾಸಣೆಯವರು ಏದುಸಿರು ಬಿಡುತ್ತಲೇ ಮೆಟ್ಟಿಲು ಎಣಿಸುತ್ತಿದ್ದರು. ನೂರಾ ಹದಿನೆಂಟು. ಕೊನೆಗೆ ತಲೆಯ ಮೇಲೆ ಹಲಗೆ ಸಿಕ್ಕಿತು. ಮಾವ ಗೆಣ್ಣಿನಿಂದ ಮೂರು ಸಲ ಬಡಿದರು. ಮೇಲೆ ಏನೇನೋ ಉರುಳಿದ ಸದ್ದು. ಹಲಗೆ ಸರಿಯಿತು. ಬೆಳಕಿನಲ್ಲಿ ಕಾಣಿಸಿದ್ದು ನಮ್ಮಮ್ಮ.

“ಬಾಗಿಲಲ್ಲಿ ಬರಕ್ಕೆ ಏನಾಗಿತ್ತು ಬೀಗರೇ?” ಅಂದಳು.

ಅದು ಅವಳ ಸೌದೆ ಕೊಟ್ಟಿಗೆ. ಅಂದರೆ ಸುಂಕದ ಮನೆಯ ಕೊಟ್ಟಿಗೆ. ಅಂದರೆ ಅಜ್ಜನದು. ನಾನು ಹುಟ್ಟಿ ಬೆಳೆದ ಮನೆ. ಆ ಸೌದೆಯ ರಾಶಿಯ ಮೇಲೆ ಕೂತು ಓದಿದ್ದೇನೆ. ತಪಾಸಣೆಯವರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಅವರ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ಅಮ್ಮ ಒದ್ದೆ ಬಟ್ಟೆ ಸುತ್ತುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅಜ್ಜನಿಗೆ ಗೊತ್ತಿತ್ತಾ ಅಂತ ಕೇಳಿದೆ.

“ಗೊತ್ತಿಲ್ದೆ ಏನು? ಅವರ ತಲೆದಿಂಬಿಂದ ಹತ್ತು ಮಾರು ದೂರ. ಕಾವಲು ಮುಗಿಸಿ ಮಲಗಿದಾಗ ಹಲಗೆ ಸದ್ದಾದ್ರೆ ಜೋರಾಗಿ ಕೆಮ್ಮೋರು. ಇವರ ಮನೆಯವರು ಸುಮ್ಮನಾಗೋರು. ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಶುರು ಮಾಡ್ಕೊಳ್ಳೋರು.”

“ಮತ್ತೆ ದಫ್ತರದಲ್ಲಿ?”

“ದಫ್ತರದಲ್ಲಿ ಏನು ಬರೆದಿದೆ? ಮೇಲಿನ ಹಾದಿಯಲ್ಲಿ ಯಾರೂ ಕಾಣಲಿಲ್ಲ ಅಂತ. ಕಾಣಲಿಲ್ಲ. ನಿಮ್ಮಜ್ಜ ಸುಳ್ಳು ಬರೆದವರಲ್ಲ.”

ಅವರು ಇದಕ್ಕೇನಾದರೂ ತೆಗೆದುಕೊಂಡಿದ್ದರೇ ಎಂದು ತಪಾಸಣೆಯವರು ಕೇಳಿದರು. ಅಮ್ಮ ಯೋಚಿಸಿ ಹೇಳಿದಳು. ಹಣ ಮುಟ್ಟಿದವರಲ್ಲ, ಒಂದು ಗಡಿಯಾರವನ್ನೂ ಮನೆಗೆ ತಂದವರಲ್ಲ. ಆದರೆ ಮಾಲು ಸಾಗಿಸುವವರು ಹಲಗೆ ಎತ್ತಲು ಸೌದೆ ಸರಿಸಬೇಕಾಗುತ್ತಿತ್ತಲ್ಲ. ಹೋಗುವಾಗ ಮತ್ತೆ ಜೋಡಿಸಿಟ್ಟು ಹೋಗುತ್ತಿದ್ದರು. ಸುಮ್ಮನೆ ಜೋಡಿಸುವುದೇಕೆಂದು ದಪ್ಪದ ದಿಮ್ಮಿಗಳನ್ನು ಸೀಳಿಯೂ ಇಡುತ್ತಿದ್ದರು. “ನನಗೆ ಮದುವೆಯಾಗೋ ತನಕ ಈ ಮನೇಲಿ ಯಾರೂ ಕೊಡಲಿ ಹಿಡಿದದ್ದಿಲ್ಲ,” ಅಂದಳು.

ಮಾವ ಚಾವಣಿ ನೋಡಿದರು. “ಸೀಳ್ತಿದ್ದದ್ದು ನಮ್ಮ ಚಿಕ್ಕಪ್ಪ,” ಅಂದರು.

ತಪಾಸಣೆಯವರು ಎರಡು ಹಾಳೆ ಮುಂದಿಟ್ಟರು. ಒಂದಕ್ಕೆ ಮನೆಯ ಒಡತಿ ಸಹಿ ಹಾಕಬೇಕು, ಒಂದಕ್ಕೆ ಮನೆತನದವರು. ಆಮೇಲೆ ಅಮ್ಮನಿಗೆ ಬಹಳ ಮರ್ಯಾದೆಯಿಂದ ತಿಳಿಸಿದರು: ಇದನ್ನು ಬರೆದುಕೊಟ್ಟರೆ ಗೋಡೆಯ ಮೇಲಿನ ಕಲ್ಲನ್ನು ಇಲಾಖೆ ತೆಗೆಯಬೇಕಾಗಬಹುದು. ನಿಮ್ಮ ತಂದೆಯ ಹೆಸರಿನ ಪ್ರಶ್ನೆ, ಯೋಚನೆ ಮಾಡಿ.

ಅಮ್ಮ ನನ್ನನ್ನು ನೋಡಿದಳು. ನಾನು ಬೆಳಿಗ್ಗೆ ಎರಡೂವರೆಗೆ ಎದ್ದವಳು, ಒಂದು ಕೈಯಲ್ಲಿ ಇನ್ನೂ ಆ ಬೂಟು ಹಿಡಿದಿದ್ದೆ. ಅಮ್ಮಾ, ಬೇಡ ಅನ್ನಬೇಕು ಅನ್ನಿಸಿತು. ಬಾಯಿ ತೆರೆದೆ. ಬೇಡ ಅನ್ನುವುದು ಸುಳ್ಳಾಗುತ್ತಿತ್ತು, ಹಾಗಾಗಿ ಮುಚ್ಚಿಕೊಂಡೆ.

“ಇದಾದ್ರೆ ಇವಳಿಗೆ ಕೆಲಸ ಆಗುತ್ತಾ?” ಅಂದಳು ಅಮ್ಮ.

“ಆಗುತ್ತೆ ಅಂತ ಹೇಳಕ್ಕಾಗಲ್ಲ. ಇಲ್ದಿದ್ರೆ ಆಗಲ್ಲ ಅಂತ ಹೇಳಬಹುದು.”

“ಕೊಡಿ ಪೆನ್ನು. ಅಪ್ಪ ಹೋಗಿ ಮೂವತ್ತು ವರ್ಷ ಆಯ್ತು. ಅವರಿಗೆ ಆ ಕಲ್ಲು ಕಾಣಲ್ಲ. ಕಲ್ಲು ಹೋದ್ರೆ ನನಗೂ ಸುಣ್ಣ ಹೊಡಿಯಕ್ಕೆ ಸಲೀಸು.”

ಸಹಿ ಹಾಕಿದಳು. ಪೆನ್ನು ಮಾವನ ಕೈಗೆ ಬಂತು.

“ನಿಜವಾದ ಹೆಸರೇ ಬೇಕಾ?”

“ಬೇಕು,” ಅಂದರು ತಪಾಸಣೆಯವರು.

ಮಾವ ಎಡಗೈ ಅಡ್ಡ ಇಟ್ಟುಕೊಂಡು, ಪಕ್ಕದವನು ನೋಡಿ ಬರೆಯದಿರಲಿ ಎಂಬಂತೆ, ಒಂದೊಂದೇ ಅಕ್ಷರ ಬರೆದರು. ಬರೆದು ಮುಗಿಸಿ ಹಾಳೆಯನ್ನು ಮಗುಚಿ ಕೊಟ್ಟರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ತಪಾಸಣೆಯವರು ರಿಕ್ಷಾ ಹತ್ತಿ ಹೋಗುವ ತನಕ ಒಳಗೆ ಬರಲಿಲ್ಲ. ನಾನು ಎರಡರ ಪಾಳಿಗೆ ಹೋದೆ. ಐದು ನಿಮಿಷ ತಡವಾಯಿತು.

ಆದೇಶ ಬಂದದ್ದು ಏಳು ವಾರದ ಮೇಲೆ. ಎಂಟರಿಂದ ನಾಲ್ಕು. ಕೆಳಗಿನ ಹಾದಿಗೆ ಕಂಬಿ ಹಾಕುವ ತನಕ ಮೇಲಿನದರಲ್ಲೇ ನಡೆಸಬೇಕು, ಏಳನೇ ಕಥೆಯನ್ನು ತಿದ್ದಿ ಕಳಿಸಬೇಕು ಎಂದಿತ್ತು. ತಿದ್ದಿ ಕಳಿಸಿದೆ. ಜನ ಈಗ ಖಾಲಿ ಗೋಡೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಮೊದಲನೇ ದಿನ ನಾಲ್ಕಕ್ಕೆ ಕೆಲಸ ಮುಗಿಯಿತು. ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಸ್ಕೂಲಿನ ಗೇಟಿಗೆ ಹೋದೆ. ಗಂಟೆ ಹೊಡೆಯಿತು. ಮಗಳು ಇಬ್ಬರು ಗೆಳತಿಯರ ಜೊತೆ ಮಾತಾಡುತ್ತ ನನ್ನ ಪಕ್ಕದಲ್ಲೇ ಹಾದು ಹೋದಳು. ಹತ್ತು ಹೆಜ್ಜೆ ಹೋಗಿ ನಿಂತಳು. ತಿರುಗಿ ಬಂದಳು. ಮುಖ ಸಣ್ಣದಾಗಿತ್ತು.

“ಯಾರಿಗೇನಾಯ್ತಮ್ಮ?” ಅಂದಳು.

“ಯಾರಿಗೂ ಏನೂ ಆಗಿಲ್ಲ. ಕೆಲಸ ಮುಗೀತು, ಬಂದೆ.”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ನಂಬಿದಳೋ ಇಲ್ಲವೋ, ಚೀಲ ನನ್ನ ಕೈಗೆ ಕೊಟ್ಟಳು. ಭಾರವಿತ್ತು. ಒಂಬತ್ತು ವರ್ಷದ ಮಗು ದಿನಾ ಅಷ್ಟು ಹೊತ್ತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.